ಹಿಟ್ಟಕ್ಕನ ಹೆಸರು

ನಮ್ಮ ಬ್ರೆಡ್ ಕಾರ್ಖಾನೆಯ ನಾಟಕ ತಂಡಕ್ಕೊಂದು ಕಟ್ಟಳೆ ಇದೆ. ಪಾತ್ರ ಹಂಚಿದ ದಿನದಿಂದ ಪ್ರದರ್ಶನ ಮುಗಿಯುವವರೆಗೆ ಒಬ್ಬರನ್ನೊಬ್ಬರು ಪಾತ್ರದ ಹೆಸರಿನಿಂದಲೇ ಕರೆಯಬೇಕು. ತಾಲೀಮಿನಲ್ಲಿ ಮಾತ್ರವಲ್ಲ, ಹಿಟ್ಟು ನಾದುವಾಗಲೂ, ಟ್ರೇ ತಳ್ಳುವಾಗಲೂ, ಚಹಾ ಕುಡಿಯುವಾಗಲೂ. ಬಾಯಿತಪ್ಪಿ ಹಳೆಯ ಹೆಸರು ಹೇಳಿದವರು ಅವತ್ತಿನ ಲೋಟಗಳನ್ನೆಲ್ಲ ತೊಳೆಯಬೇಕು. ಹೀಗೆ ಮಾಡಿದರೆ ಪಾತ್ರ ಮೈಗೆ ಹತ್ತುತ್ತದೆ ಎಂಬುದು ನಾಟಕ ಬರೆದು ಆಡಿಸುವ ಮೇಷ್ಟ್ರ ನಂಬಿಕೆ. ಹೋದ ಸಲ ರಾಜನಾಗಿದ್ದ ಭಟ್ಟಿಯಣ್ಣನಿಗೆ ಅದೆಷ್ಟು ಹತ್ತಿತ್ತೆಂದರೆ ಮನೆಯಲ್ಲಿ ಕುಡಿದ ಲೋಟವನ್ನೂ ಎತ್ತಿಡುತ್ತಿರಲಿಲ್ಲವಂತೆ. ಅವನ ಹೆಂಡತಿಯನ್ನು ಕೇಳಿದರೆ, ರಾಜನಾಗುವ ಮೊದಲೂ ಎತ್ತಿಡುತ್ತಿರಲಿಲ್ಲ ಎನ್ನುತ್ತಾಳೆ.

ನಾಟಕ ಮುಗಿದ ಮೇಲೆ, ಬಣ್ಣ ಒರೆಸುವ ಮುಂಚೆ, ಹೆಸರು ವಾಪಸು ಮಾಡುವ ಶಾಸ್ತ್ರ. ಆಡಿದವರೆಲ್ಲ ರಂಗದ ಮೇಲೆ ಸಾಲಾಗಿ ನಿಲ್ಲುತ್ತೇವೆ. ಮೇಷ್ಟ್ರು ಪಾತ್ರದ ಹೆಸರು ಹೇಳುತ್ತಾರೆ, ಕೆಳಗೆ ಕೂತ ಜನ ಒಟ್ಟಾಗಿ ಆ ಆಳಿನ ಹೆಸರು ಕೂಗುತ್ತಾರೆ. ಆತ 'ಓ' ಅನ್ನಬೇಕು. ಅಲ್ಲಿಗೆ ಪಾತ್ರ ಮೈಬಿಟ್ಟಿತೆಂದು ಲೆಕ್ಕ. ರಂಗದ ಮೇಲಿರುವವರು ಕೂಗಿದರೆ ನಡೆಯುವುದಿಲ್ಲ, ಕೆಳಗಿನಿಂದಲೇ ಬರಬೇಕು. ಹೆಸರೆಂದರೆ ಅಪ್ಪ ಅಮ್ಮ ಇಟ್ಟದ್ದೂ ಅಲ್ಲ, ಕಾರ್ಖಾನೆ ಇಟ್ಟದ್ದು. ಭಟ್ಟಿಯ ಮುಂದೆ ನಿಲ್ಲುವವನು ಭಟ್ಟಿಯಣ್ಣ. ಹಿಟ್ಟಿನ ತುಂಡು ತೂಗುವ ಹುಡುಗಿ ತಕ್ಕಡಿ. ಪ್ಯಾಕಿಂಗಿನಲ್ಲಿರುವ ನಾನು ಮೆಣಸಿನಕಾಯಿ, ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಹಿಟ್ಟು ನಾದುವ ಮೇಜಿನ ಯಜಮಾನಿ, ನನ್ನ ಅಣ್ಣನ ಹೆಂಡತಿ, ಹಿಟ್ಟಕ್ಕ.

ಅತ್ತಿಗೆಯದು ವಿಚಿತ್ರ ಸ್ವಭಾವ. ಮನೆಯಲ್ಲಿ ಏನೇ ಆಗಲಿ, 'ನಂದೇ ತಪ್ಪು' ಅಂದುಬಿಡುತ್ತಾಳೆ. ನಲ್ಲಿ ಸೋರಿದರೂ ಅವಳದೇ ತಪ್ಪು, ಅಣ್ಣನ ವ್ಯಾನು ಕೆಟ್ಟು ನಿಂತರೂ ಅವಳದೇ ತಪ್ಪು. ಒಮ್ಮೆ ಗಾಜಿನ ಜಗ್ಗನ್ನು ನಾನೇ ಒಡೆದು, ಹೇಗೆ ಹೇಳುವುದೆಂದು ಯೋಚಿಸುತ್ತ ನಿಂತಿದ್ದಾಗ, ಅವಳು ಅಣ್ಣನ ಹತ್ತಿರ ಹೋಗಿ ಒಪ್ಪಿಕೊಂಡು ಬಂದಿದ್ದಳು. "ಒಂದು ಮಾತಿಗೆ ಜಗಳ ಮುಗಿಯೋದಾದ್ರೆ ಏನು ಗಂಟು ಹೋಗತ್ತೆ?" ಎನ್ನುತ್ತಾಳೆ. ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ಈ ಸಲದ ನಾಟಕದಲ್ಲೂ ಹಾಗೇ ಆಯಿತು. ಹಿಂದಿನ ಕಾಲದ ಒಂದು ಊರು. ಧರ್ಮವೆಂದರೆ ಧರ್ಮ ಅನ್ನುವ ಕಟ್ಟುನಿಟ್ಟಿನ ಜನ. ಬಣ್ಣದ ಬಟ್ಟೆ ಕೂಡದು, ಹಾಡು ಕೂಡದು, ಜೋರಾಗಿ ನಕ್ಕರೆ ಪಾದ್ರಿಗೆ ಸುದ್ದಿ ಹೋಗುತ್ತದೆ. ಅಲ್ಲಿ ಹಸುವಿನ ಹಾಲು ಬತ್ತುತ್ತದೆ, ಮಕ್ಕಳಿಗೆ ಜ್ವರ ಬರುತ್ತದೆ. ಒಬ್ಬ ಕೆಲಸದ ಹುಡುಗಿ ಒಂಟಿ ಹೆಂಗಸೊಬ್ಬಳನ್ನು ತೋರಿಸಿ, ಇವಳು ಮಾಟಗಾತಿ ಎನ್ನುತ್ತಾಳೆ. ತಪ್ಪೊಪ್ಪಿಕೊಂಡರೆ ಜೀವ ಉಳಿಯುತ್ತದೆ, ಇಲ್ಲವೆಂದರೆ ನೇಣು. ಅವಳು ಇಲ್ಲವೆನ್ನುತ್ತಾಳೆ. ನ್ಯಾಯಾಧೀಶನಾಗಲು ಭಟ್ಟಿಯಣ್ಣ ಮುಂದೆ ಬಂದ, ಕೆಲಸದ ಹುಡುಗಿಯ ಪಾತ್ರವನ್ನು ನನ್ನ ಕೊರಳಿಗೆ ಕಟ್ಟಿದರು. ಮಾಟಗಾತಿಯ ಪಾತ್ರಕ್ಕೆ ಒಬ್ಬರೂ ಒಪ್ಪಲಿಲ್ಲ. ಎಲ್ಲರೂ ನೆಲ ನೋಡುತ್ತ ನಿಂತಾಗ ಅತ್ತಿಗೆ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ, "ಕೊಡಿ ಮೇಷ್ಟ್ರೇ, ನಾನೇ ಮಾಡ್ತೀನಿ," ಎಂದಳು.

ಕೈ ಒರೆಸಿಕೊಳ್ಳುವುದು ಅವಳ ಅಭ್ಯಾಸ. ಹಿಟ್ಟಿನ ಕೈಯಲ್ಲಿ ಯಾರನ್ನೂ ಮುಟ್ಟಳು. ಮೊದಲು ಏಪ್ರನ್ನಿಗೆ ಅಂಗೈ, ಆಮೇಲೆ ಮೇಲ್ಗೈ, ಆಮೇಲೇ ಬೆನ್ನು ತಟ್ಟುವುದು, ಗಲ್ಲ ಹಿಡಿಯುವುದು.

ತಾಲೀಮಿನಲ್ಲಿ ಅವಳಿಗೆ ಒಂದೇ ಕಷ್ಟ. ಕೊನೆಯಲ್ಲಿ 'ನಾನಲ್ಲ' ಎಂದು ಊರಿಗೇ ಕೇಳುವಂತೆ ಹೇಳಬೇಕು. ಅದು ಅವಳ ಗಂಟಲಿನಿಂದ ಹೊರಡುತ್ತಲೇ ಇರಲಿಲ್ಲ.

"ಗಟ್ಟಿಯಾಗಿ ಹೇಳಮ್ಮ ಮಾಟಗಾತಿ! ನೇಣು ಹಾಕ್ತಿದಾರೆ ನಿನ್ನ, ಸಕ್ಕರೆ ಸಾಲ ಕೇಳೋಕೆ ಬಂದಿಲ್ಲ!" ಎಂದು ಮೇಷ್ಟ್ರು ತಲೆ ಚಚ್ಚಿಕೊಳ್ಳುತ್ತಿದ್ದರು. ಎಲ್ಲರೂ ನಗುತ್ತಿದ್ದೆವು, ಅತ್ತಿಗೆಯೂ.

ಕೆಲಸದ ಹೊತ್ತಿನಲ್ಲಿ ಆ ಹೆಸರು ಎಲ್ಲರ ಬಾಯಲ್ಲೂ ಕೂತಿತು, ನಾಟಕಕ್ಕೆ ಸಂಬಂಧವಿಲ್ಲದವರ ಬಾಯಲ್ಲೂ. "ಏ ಮಾಟಗಾತಿ, ಆ ಈಸ್ಟ್ ಡಬ್ಬ ಇತ್ಲಾಗೆ ಕೊಡೇ." "ಮಾಟಗಾತಿ, ಚಹಾ ತಣ್ಣಗಾಗ್ತಿದೆ." ಒಂದು ಬೆಳಿಗ್ಗೆ ಹಿಟ್ಟು ಉಬ್ಬಲಿಲ್ಲ, ತೊಟ್ಟಿಯ ತಳದಲ್ಲಿ ಪೆಚ್ಚಾಗಿ ಬಿದ್ದುಕೊಂಡಿತ್ತು. "ಮಾಟಗಾತಿ ಇರೋ ಮನೆ, ಇನ್ನೇನಾಗತ್ತೆ!" ಎಂದು ಭಟ್ಟಿಯಣ್ಣ ನಗಾಡಿದ. "ನಂದೇ ತಪ್ಪು," ಎಂದಳು ಅತ್ತಿಗೆ. ಈಸ್ಟೇ ಹಳಸಿತ್ತೋ ಏನೋ, ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ಅವತ್ತೂ ನಕ್ಕೆವು.

ತಕ್ಕಡಿಗೆ ಆಗ ಹೊಟ್ಟೆ ಕಾಣತೊಡಗಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಕೆಲಸ ಕಲಿಸಿದ್ದು ಅತ್ತಿಗೆ. ಒಂದು ದಿನ ಚಹಾದ ಬಿಡುವಿಗೆ ಇನ್ನೇನು ಗಂಟೆ ಹೊಡೆಯಬೇಕು, ಆ ಹುಡುಗಿ ತಕ್ಕಡಿ ಬಿಟ್ಟು ಅತ್ತಿಗೆಯ ಹತ್ತಿರ ಓಡಿಬಂದು, "ಹಿಟ್ಟಕ್ಕ, ಒದೀತಿದೆ! ಇಲ್ಲಿ ನೋಡಿ, ಇಲ್ಲಿ!" ಎಂದು ಅವಳ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅತ್ತಿಗೆಗೆ ಒರೆಸಿಕೊಳ್ಳುವಷ್ಟು ಪುರಸೊತ್ತೇ ಸಿಗಲಿಲ್ಲ. ಕೈ ತೆಗೆದಾಗ ಹುಡುಗಿಯ ನೀಲಿ ಕೋಟಿನ ಮೇಲೆ ಐದೂ ಬೆರಳು ಬೆಳ್ಳಗೆ ಮೂಡಿದ್ದವು.

"ಮಾಟಗಾತಿ ಮುದ್ರೆ ಒತ್ತಿದ್ಲು ನೋಡ್ರಪ್ಪೋ!" ಎಂದು ಭಟ್ಟಿಯಣ್ಣ ಕೂಗಿದ. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ತಕ್ಕಡಿ ಆ ಗುರುತು ಒರೆಸಿಕೊಳ್ಳದೆ ಇಡೀ ದಿನ ಮೆರೆಸಿಕೊಂಡು ಓಡಾಡಿದಳು.

ಅದೇ ವಾರ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಮಗು ಉಳಿಯಲಿಲ್ಲ.

ಸುದ್ದಿ ಬಂದ ಮಾರನೆಯ ದಿನ ತೊಟ್ಟಿಯಿಂದ ಹಿಟ್ಟು ಎತ್ತುವಾಗ ಅತ್ತಿಗೆಯ ಎದುರು ತುದಿಗೆ ಯಾರೂ ಬರಲಿಲ್ಲ. ಹಿಟ್ಟಿನ ಮುದ್ದೆ ಎತ್ತಿ ಮೇಜಿಗೆ ಹಾಕಲು ಇಬ್ಬರು ಬೇಕೇ ಬೇಕು, ಒಬ್ಬರೇ ಎತ್ತಿದರೆ ಹರಿದು ನೆಲಕ್ಕೆ ಬೀಳುತ್ತದೆ. ಅವಳು ಸೆರಗು ಸಿಕ್ಕಿಸಿಕೊಂಡು ಕಾಯುತ್ತ ನಿಂತಿದ್ದಳು. ಪ್ಯಾಕಿಂಗಿನ ಕಿಟಕಿಯಿಂದ ಅದನ್ನು ನೋಡಿ ನಾನೇ ಓಡಿಹೋಗಿ ಎತ್ತಿದೆ. ಚಹಾದ ಬಿಡುವಿನಲ್ಲಿ ಅವಳ ಬೆಂಚಿನಲ್ಲಿ ಜಾಗ ಖಾಲಿ ಇದ್ದೇ ಇತ್ತು, ಹೆಂಗಸರು ನಿಂತೇ ಕುಡಿದರು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ನಿಲ್ಲುವ ಮುಂಚೆ ಕಿವಿಗೆ ಬಿದ್ದ ಚೂರುಗಳೇ ಸಾಕಾಗಿದ್ದವು: "ತನಗಂತೂ ಒಂದಾಗ್ಲಿಲ್ಲ..." "ಐದು ಬೆರಳೂ ಕಾಣ್ತಿತ್ತಲ್ಲ, ನಾವೇ ನೋಡಿದ್ವಲ್ಲ..."

ನಿಜ, ಅತ್ತಿಗೆಗೆ ಮಕ್ಕಳಿಲ್ಲ. ಮನೆಯಲ್ಲಿ ನಾವು ಆ ಮಾತು ಎತ್ತುವುದಿಲ್ಲ.

ತಮಾಷೆ ನಿಂತುಹೋಯಿತು, ಹೆಸರು ಮಾತ್ರ ನಿಲ್ಲಲಿಲ್ಲ. ಈಗ ಅದನ್ನು ಯಾರೂ ನಗುತ್ತ ಕರೆಯುತ್ತಿರಲಿಲ್ಲ. ನಾನು ಮೇಷ್ಟ್ರ ಮನೆಗೇ ಹೋದೆ. ಅವರು ವೇಷಕ್ಕೆ ಬೇಕಾದ ಕರಿ ನಿಲುವಂಗಿಗಳಿಗೆ ಗುಂಡಿ ಹಚ್ಚುತ್ತ ಕೂತಿದ್ದರು.

"ಮೇಷ್ಟ್ರೇ, ಆ ಹೆಸರಿನ ಕಟ್ಟಳೆ ನಿಲ್ಲಿಸಿ. ಇಲ್ಲಾಂದ್ರೆ ಅತ್ತಿಗೆಗೆ ಬೇರೆ ಪಾತ್ರ ಕೊಡಿ."

"ಇನ್ನೊಂದು ವಾರಕ್ಕೆ ನಾಟಕ. ಈಗ ಯಾರು ಕಲೀತಾರಮ್ಮ ಆ ಪಾತ್ರನ?"

"ಜನ ನಿಜವಾಗ್ಲೂ ಹೆದರ್ತಿದಾರೆ."

ಅವರು ಸೂಜಿ ಕೆಳಗಿಟ್ಟರು. ಕೆಟ್ಟ ಮನುಷ್ಯರೇನಲ್ಲ, ಕಣ್ಣಲ್ಲಿ ಕಸಿವಿಸಿ ಕಾಣಿಸಿತು. "ಕಟ್ಟಳೆ ಅರ್ಧಕ್ಕೆ ಬಿಟ್ರೆ ಅದು ಹಾಗೇ ಉಳಿದುಹೋಗತ್ತೆ ಕಣಮ್ಮ. ನಾಟಕ ಆಗ್ಲಿ. ಜನ ಅವಳ ಹೆಸರು ಕೂಗ್ತಾರೆ, ಅವಳು ಓ ಅಂತಾಳೆ, ಅಲ್ಲಿಗೆ ಮುಗೀತು. ನೀನೇ ನೋಡ್ತಿಯಂತೆ."

"ಕೂಗದೆ ಇದ್ರೆ?"

"ಇಷ್ಟು ವರ್ಷದಲ್ಲಿ ಕೂಗದೆ ಇದ್ದಿದ್ದುಂಟಾ?" ಎಂದರು. ಮತ್ತೆ ಸೂಜಿ ಎತ್ತಿಕೊಂಡು ದಾರ ಪೋಣಿಸಲು ಹೊರಟವರಿಗೆ ಕಣ್ಣು ಹಿಡಿಯಲಿಲ್ಲ, ನಾನೇ ಪೋಣಿಸಿಕೊಟ್ಟು ಬಂದೆ.

ಅಷ್ಟರಲ್ಲಿ ಸೂಪರ್‌ವೈಸರ್ ಅತ್ತಿಗೆಯನ್ನು ಕರೆಸಿದ್ದರು. ಸಂಜೆ ಅಡುಗೆಮನೆಯಲ್ಲಿ ಅವಳೇ ಹೇಳಿದಳು. ಹೆಂಗಸರೆಲ್ಲ ಸೇರಿ, ಅವಳ ಮೇಜಿಗೆ ಹೋಗುವುದಿಲ್ಲ ಎಂದಿದ್ದಾರೆ. ನಾಟಕದ ಮಾರನೆಯ ದಿನ ಎಲ್ಲರ ಮುಂದೆ ಆ ಹುಡುಗಿಯ ಮನೆಯವರಿಗೆ 'ತಪ್ಪಾಯ್ತು' ಎಂದು ಹೇಳಿಬಿಡಬೇಕು. ಇಲ್ಲದಿದ್ದರೆ ಟ್ರೇ ತೊಳೆಯುವ ಕೋಣೆಗೆ ಹಾಕುತ್ತಾರೆ. ಆ ಕೋಣೆ ಕಾರ್ಖಾನೆಯ ಹಿಂದುಗಡೆ ಇದೆ. ಒಬ್ಬರೇ ನಿಂತು ಸೋಡಾ ಹಾಕಿದ ಬಿಸಿನೀರಿನಲ್ಲಿ ಕೈ ಅದ್ದುವ ಕೆಲಸ. ಅಲ್ಲಿಗೆ ಹೋದವರು ಕೈ ಸುಲಿದುಕೊಂಡು ಕೆಲಸ ಬಿಟ್ಟಿದ್ದಾರೆಯೇ ಹೊರತು ಯಾರೂ ಮೇಜಿಗೆ ಮರಳಿದ್ದಿಲ್ಲ.

"ಒಂದು ಮಾತು ಅಂದ್ಬಿಡು, ಮುಗೀತು," ಎಂದ ಅಣ್ಣ, ತಟ್ಟೆಯಿಂದ ತಲೆಯೆತ್ತದೆ.

"ಹ್ಞೂಂ, ಅಂದ್ಬಿಡ್ತೀನಿ," ಎಂದಳು ಅತ್ತಿಗೆ.

ನನಗೆ ಎಲ್ಲಿತ್ತೋ ಸಿಟ್ಟು. "ಏನಂತೀಯ ಅತ್ತಿಗೆ? ಏನು ತಪ್ಪಾಯ್ತು ಅಂತೀಯ? ಮಗೂನ ನಾನೇ ತಿಂದೆ ಅಂತೀಯಾ? ಇದೇನು ಒಡೆದ ಜಗ್ಗಾ? ಒಂದ್ಸಲ ಅಂದ್ರೆ ಸಾಯೋವರೆಗೂ ನೀನು ಅದೇ ಆಗಿರ್ತೀಯ!"

"ಮೆಲ್ಲಗೆ ಮಾತಾಡೇ," ಎಂದ ಅಣ್ಣ.

ಅತ್ತಿಗೆ ಒಲೆ ಆರಿಸಿದಳು. ಕೈ ಒರೆಸಿಕೊಂಡಳು, ಅಂಗೈ, ಆಮೇಲೆ ಮೇಲ್ಗೈ. ನನ್ನ ತಲೆ ಸವರಲು ಬಂದವಳು ಅಲ್ಲೇ ತಡೆದು ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. "ಆ ಹುಡುಗಿ ಮಲಗಿದಲ್ಲೇ ಗೋಡೆ ನೋಡ್ಕೊಂಡಿರ್ತಾಳಂತೆ. ಯಾರದೋ ತಪ್ಪು ಅಂತಾದ್ರೆ ಅವಳಿಗೂ ಸ್ವಲ್ಪ ಹಗುರ ಆಗತ್ತೇನೋ," ಎಂದಳು.

ಆಗ ನನಗೆ ನಿಜವಾಗಿ ಭಯವಾಯಿತು. ಕೆಲಸ ಉಳಿಸಿಕೊಳ್ಳಲು ಅವಳು ಒಪ್ಪಿಕೊಳ್ಳುತ್ತಾಳೆಂದುಕೊಂಡಿದ್ದೆ. ಆ ಹುಡುಗಿಗೋಸ್ಕರ ಒಪ್ಪಿಕೊಳ್ಳಲು ಹೊರಟಿದ್ದಳು. ಅದನ್ನು ತಪ್ಪಿಸುವುದು ಹೇಗೆಂದು ನನಗೆ ಹೊಳೆಯಲಿಲ್ಲ. ಮುಟ್ಟಲು ಬಂದ ಆ ಕೈ ಹಿಂದೆ ಸರಿದದ್ದು ಕಣ್ಣಿಗೆ ಕಟ್ಟಿದಂತೆ ಉಳಿಯಿತು.

ನಾಟಕ ರಜೆಯ ದಿನ ಮಧ್ಯಾಹ್ನ, ಕಾರ್ಖಾನೆಯ ಗೋದಾಮಿನಲ್ಲಿ. ಮೈದಾ ಮೂಟೆಗಳನ್ನು ಗೋಡೆಗೆ ಒಟ್ಟಿ, ಬೆಂಚು ಹಾಕಿ, ಹಲಗೆಗಳನ್ನು ಜೋಡಿಸಿ ರಂಗ ಕಟ್ಟಿದ್ದರು. ಪರದೆಯ ಸಂದಿಯಿಂದ ಇಣುಕಿದೆ. ಕೆಲಸಗಾರರು, ಅವರ ಮನೆಯವರು, ಗೋದಾಮು ಗಿಜಿಗುಟ್ಟುತ್ತಿತ್ತು. ಮುಂದಿನ ಬೆಂಚಿನಲ್ಲಿ ಸೂಪರ್‌ವೈಸರ್. ಅವರ ಪಕ್ಕದಲ್ಲಿ ಶಾಲು ಹೊದ್ದು ತಕ್ಕಡಿ ಕೂತಿದ್ದಳು, ಮಗ್ಗುಲಲ್ಲಿ ಅವಳ ಅತ್ತೆ. ಆ ಹುಡುಗಿ ಮನೆಯಿಂದ ಹೊರಬಿದ್ದದ್ದೇ ಅವತ್ತು ಮೊದಲು.

"ಅವಳು ಬಂದಿದಾಳೆ," ಎಂದೆ ಅತ್ತಿಗೆಗೆ.

"ನೋಡ್ದೆ," ಎಂದಳು. ತಲೆಗೆ ಬಿಳಿ ಟೊಪ್ಪಿಗೆ ಕಟ್ಟಿಕೊಳ್ಳುತ್ತಿದ್ದಳು. ಗಂಟು ಹಾಕಲು ಬೆರಳು ಬಗ್ಗುತ್ತಿರಲಿಲ್ಲ, ನಾನು ಹಾಕಿದೆ.

ನಾಟಕ ಅರ್ಧದವರೆಗೆ ಹೇಗೆ ನಡೆಯಿತೋ ನನಗೆ ನೆನಪಿಲ್ಲ. ಅತ್ತಿಗೆಯ ಕಡೆ ಬೆರಳು ತೋರಿಸಿ, "ಇವಳು ನೋಡಿದರೆ ನನ್ನ ಮೈ ಉರಿಯುತ್ತದೆ," ಎಂದು ಕಿರುಚುವ ಮಾತು ಬಂದಾಗ ಮೈಯೆಲ್ಲ ಬೆವೆತಿತ್ತು. ಮೇಷ್ಟ್ರು ಪಕ್ಕದ ಪರದೆಯ ಮರೆಯಿಂದ ಭೇಷ್ ಅಂದರು. ಅವರಿಗೇನು ಗೊತ್ತು.

ಆಮೇಲೆ ವಿಚಾರಣೆಯ ದೃಶ್ಯ. ನ್ಯಾಯಾಧೀಶನಾದ ಭಟ್ಟಿಯಣ್ಣ ಜನರ ಕಡೆ ತಿರುಗಿ, "ಈ ಹೆಂಗಸನ್ನು ಕಂಡರೆ ಯಾರಿಗೆ ಭಯವೋ ಅವರು ಎದ್ದು ನಿಲ್ಲಿ!" ಎನ್ನಬೇಕು. ಜನರ ನಡುವೆ ಕೂರಿಸಿದ ಪ್ಯಾಕಿಂಗಿನ ಇಬ್ಬರು ಹುಡುಗಿಯರು ಏಳಬೇಕು. ಮೇಷ್ಟ್ರು ಹೇಳಿಕೊಟ್ಟದ್ದು ಅಷ್ಟೇ.

ಅವನು ಹೇಳಿದ. ಇಬ್ಬರೂ ಎದ್ದರು. ಅವರ ಹಿಂದಿನ ಬೆಂಚಿನಲ್ಲಿ ಒಬ್ಬಳು ಎದ್ದಳು. ಅವಳ ಪಕ್ಕದವಳು ಎದ್ದಳು. ಬೆಂಚುಗಳು ಕಿರ್ ಎಂದವು. ಭಟ್ಟಿಯ ಕಡೆಯ ಗಂಡಸರು ಎದ್ದರು. ಹೆಂಗಸರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಎದ್ದರು. ಒಬ್ಬರ ಮುಖದಲ್ಲೂ ನಗುವಿರಲಿಲ್ಲ. ಭಟ್ಟಿಯಣ್ಣನಿಗೆ ಮುಂದಿನ ಮಾತೇ ಮರೆತುಹೋಯಿತು. ಬಾಯಿ ತೆರೆದುಕೊಂಡು ನನ್ನ ಮುಖ ನೋಡಿದ. ಮುದ್ರೆ ಅಂತ ಕೂಗಿದವನು ಇವನೇ.

ಮುಂದಿನ ಬೆಂಚಿನಲ್ಲಿ ತಕ್ಕಡಿ ಮಾತ್ರ ಕೂತೇ ಇದ್ದಳು. ಅತ್ತೆ ಭುಜ ಅಲುಗಿಸಿದರೂ ಏಳಲಿಲ್ಲ.

"ನಾನಲ್ಲ," ಎಂದಳು ಅತ್ತಿಗೆ. ಯಾವತ್ತಿನಂತೆ ಮೆಲ್ಲಗೆ. ಮೂರನೇ ಬೆಂಚಿಗೂ ಕೇಳಿರಲಿಕ್ಕಿಲ್ಲ. ಮೇಷ್ಟ್ರು ಗಡಿಬಿಡಿಯಲ್ಲಿ ದೀಪ ಆರಿಸಿ, ಪರದೆ ಎಳೆಸಿ, ನಾಟಕ ಮುಗಿಸಿದರು.

ಪರದೆ ಮತ್ತೆ ಸರಿದಾಗ ಸಾಲಾಗಿ ನಿಂತಿದ್ದೆವು. ಜನ ಕೂತುಕೊಂಡಿದ್ದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ನ್ಯಾಯಾಧೀಶ!" ಎಂದರು. "ಭಟ್ಟಿಯಣ್ಣ!" ಎಂದು ಕೂಗು ಬಂತು. "ಓ," ಎಂದ ಅವನು. ಪಾದ್ರಿಗೆ ಹೆಸರು ವಾಪಸು ಬಂತು. ಕೆಲಸದ ಹುಡುಗಿ ಎಂದಾಗ "ಮೆಣಸಿನಕಾಯಿ!" ಎಂದು ಶಿಳ್ಳೆ ಹಾಕಿದರು. ಓ ಅಂದೆ.

"ಮಾಟಗಾತಿ!" ಎಂದರು ಮೇಷ್ಟ್ರು.

ಕೂಗು ಬರಲಿಲ್ಲ. ಯಾರೋ ಕೆಮ್ಮಿದರು. ಮೇಷ್ಟ್ರು ಇನ್ನೊಮ್ಮೆ ಹೇಳಿದರು, ಈ ಸಲ ಅವರ ದನಿಯೇ ಸಣ್ಣಗಾಗಿತ್ತು. ಹಿಂದಿನ ಸಾಲಿನಲ್ಲಿ ಅಣ್ಣ ಎದ್ದು ನಿಂತಿದ್ದ. ಬಾಯಿ ತೆರೆದ, ಸುತ್ತ ನೋಡಿದ, ಮುಚ್ಚಿದ. ಅವನನ್ನು ಅಲ್ಲೇ ಹಿಡಿದು ಬಡಿಯುವಷ್ಟು ಸಿಟ್ಟು ಬಂತು. "ಹಿಟ್ಟಕ್ಕಾ!" ಎಂದು ನಾನೇ ಕಿರುಚಿದೆ. ಅತ್ತಿಗೆ ಓ ಅನ್ನಲಿಲ್ಲ. ನನ್ನ ಕಡೆ ತಿರುಗಿ, ಪಾಪ, ಸಮಾಧಾನ ಹೇಳುವವಳ ಹಾಗೆ ತಲೆಯಾಡಿಸಿದಳು. ರಂಗದ ಮೇಲಿನ ಕೂಗು ನಡೆಯುವುದಿಲ್ಲವಲ್ಲ.

ಆಗ ಮುಂದಿನ ಬೆಂಚಿನಿಂದ ತಕ್ಕಡಿ ಎದ್ದಳು.

"ಹಿಟ್ಟಕ್ಕ," ಎಂದಳು.

ಯಾರೋ ಚಪ್ಪಾಳೆ ತಟ್ಟಲು ಹೊರಟು ನಿಲ್ಲಿಸಿದರು. ಅವಳ ಮಾತು ಮುಗಿದಿರಲಿಲ್ಲ. ಬೆಂಚಿನ ಅಂಚು ಹಿಡಿದು ನಿಂತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ.

"ಎಲ್ರೂ ಹೇಳ್ತಾರೆ. ನಿಮ್ಮನ್ನ ಒಬ್ರೂ ಕೇಳಿಲ್ಲ. ನಾನು ಕೇಳ್ತೀನಿ. ಅವತ್ತು ನೀವು ಮುಟ್ಟಿದ್ದಕ್ಕೇ ಹಾಗಾಯ್ತಾ?"

ಅತ್ತಿಗೆಯ ತುಟಿ ಅಲುಗುವುದು ಕಾಣುತ್ತಿತ್ತು. 'ನಂದೇ ತಪ್ಪು' ಎಂಬ ಆ ಎರಡು ಮಾತು ಅವಳ ನಾಲಿಗೆಯ ತುದಿಯಲ್ಲೇ ಇದ್ದವು, ನನಗೆ ಗೊತ್ತು, ಹುಟ್ಟಿದಾಗಿನಿಂದ ಇದ್ದವು. ಅಂದುಬಿಟ್ಟರೆ ಆ ಹುಡುಗಿಗೆ ಬಯ್ಯಲು ಒಬ್ಬಳು ಸಿಗುತ್ತಾಳೆ. ಸೂಪರ್‌ವೈಸರ್ ಮುಂದಕ್ಕೆ ಬಾಗಿ ಕೂತರು. ಬೇಡ ಅತ್ತಿಗೆ, ಬೇಡ, ಎಂದು ನಾನು ಹಲ್ಲು ಕಚ್ಚಿ ನಿಂತೆ.

ಅತ್ತಿಗೆ ತಲೆಯ ಟೊಪ್ಪಿಗೆ ಬಿಚ್ಚಿದಳು.

"ಇಲ್ಲ ಮಗಳೇ. ನಾನಲ್ಲ."

ಗೋದಾಮಿನ ಕೊನೆಯ ಗೋಡೆಗೂ ಕೇಳಿಸಿತು. ಮೇಷ್ಟ್ರು ಇಷ್ಟು ದಿನ ಗೋಗರೆದರೂ ಹೊರಡದ ದನಿ ಅದು.

"ಹಾಗಾದ್ರೆ ಯಾರು?"

"ಯಾರೂ ಅಲ್ಲ."

"ಯಾರೋ ಒಬ್ರು ಇರ್ಲೇಬೇಕಲ್ಲಕ್ಕ..." ಎನ್ನುತ್ತ ಹುಡುಗಿ ಬಿಕ್ಕತೊಡಗಿದಳು.

"ಇದ್ದಿದ್ರೆ ಚೆನ್ನಾಗಿತ್ತು ಕಣೇ. ನಾನೇ ಆಗಿದ್ರೂ ಚೆನ್ನಾಗಿತ್ತು. ಬೈದು, ಹೊಡೆದು ಅತ್ತುಬಿಡ್ತಿದ್ದೆ ನೀನು. ಆದ್ರೆ ನಾನಲ್ಲ."

ಅತ್ತಿಗೆ ಕರಿ ನಿಲುವಂಗಿ ಎತ್ತಿ ಹಿಡಿದುಕೊಂಡು ಹಲಗೆಯಿಂದ ಕೆಳಗಿಳಿದಳು. ಹುಡುಗಿಯ ಎದುರು ಹೋಗಿ ನಿಂತು, ಕೈಯಲ್ಲಿ ಹಿಟ್ಟಿನ ಕಣವೂ ಇಲ್ಲದಿದ್ದರೂ, ನಿಲುವಂಗಿಗೆ ಒರೆಸಿಕೊಂಡಳು. ಅಂಗೈ, ಆಮೇಲೆ ಮೇಲ್ಗೈ. ಒರೆಸಿಕೊಂಡ ಮೇಲೂ ಮುಟ್ಟಲಿಲ್ಲ, ಎರಡೂ ಕೈ ತನ್ನ ಹೊಟ್ಟೆಯ ಮುಂದೆ ಹಿಡಿದು ಸುಮ್ಮನೆ ನಿಂತಳು. ಅತ್ತೆಯಾದವಳು ಸೊಸೆಯ ಶಾಲು ಹಿಡಿದು ಹಿಂದಕ್ಕೆ ಎಳೆಯುತ್ತಿದ್ದಳು. ಶಾಲು ಅವಳ ಕೈಯಲ್ಲೇ ಉಳಿಯಿತು. ತಕ್ಕಡಿ ಮುಂದೆ ಬಂದು ಅತ್ತಿಗೆಯ ಕೈ ಹಿಡಿದುಕೊಂಡು, ಅದರಲ್ಲಿ ಮುಖ ಇಟ್ಟು ಅತ್ತಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅತ್ತಿರಲೇ ಇಲ್ಲವೆಂದು ಆಮೇಲೆ ತಿಳಿಯಿತು.

ನಾವು ರಂಗದ ಮೇಲೆ, ಅವರು ಬೆಂಚಿನ ಮೇಲೆ, ಎತ್ತ ನೋಡಬೇಕೆಂದು ತೋಚದೆ ಇದ್ದೆವು. ಎದ್ದು ನಿಂತವರಲ್ಲಿ ಒಬ್ಬರೂ ಈಗ ತಲೆಯೆತ್ತುತ್ತಿರಲಿಲ್ಲ. ನಾಳೆ ಮೇಜಿನ ಎದುರು ತುದಿಗೆ ಇವರಲ್ಲಿ ಯಾರು ಬರುತ್ತಾರೋ, ಬರುತ್ತಾರೋ ಇಲ್ಲವೋ, ನನಗೆ ಗೊತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಹುಡುಗಿ ಮುಖ ಎತ್ತಿ, ಮೂಗು ಒರೆಸಿಕೊಂಡು, ಇನ್ನೊಮ್ಮೆ "ಹಿಟ್ಟಕ್ಕ," ಎಂದಳು. ಈ ಸಲ ಏನೂ ಕೇಳಲಿಲ್ಲ.

"ಓ," ಎಂದಳು ಅತ್ತಿಗೆ.